ಪುಂಜಾಲಕಟ್ಟೆಯಲ್ಲಿ ಕಾರಂತರ ಓದು

ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ಮಾತು ತುಳು, ಓದು ಕನ್ನಡ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಟ್ಟು ಮುಗಿದರೆ ಚಾವಡಿಯಲ್ಲಿ ಕೂತು ಶಿವರಾಮ ಕಾರಂತರ ಕಾದಂಬರಿ ಓದುತ್ತಿದ್ದೆ. ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಅವರು ಬರೆದ ಗದ್ದೆ, ತೋಟ, ಜಡಿಮಳೆ ನಮ್ಮವೇ.

ಮೊದಲು ಕೈಗೆ ಸಿಕ್ಕಿದ್ದು 1933ರ 'ಚೋಮನ ದುಡಿ'. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಜನರಿದ್ದರೂ ಮುಟ್ಟಬಾರದ ಜಾತಿಯವನೆಂದು ಯಾರೂ ಕೈಕೊಡುವುದಿಲ್ಲ. ಕಾರಂತರು ಅಲ್ಲಿ ಗೋಳಾಡುವುದಿಲ್ಲ, ಸಿಟ್ಟನ್ನು ಓದುವವರಿಗೇ ಬಿಡುತ್ತಾರೆ. ನನ್ನ ಸಿಟ್ಟು ಇನ್ನೂ ಆರಿಲ್ಲ. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿಯಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಚೋಮ ಬಯಸಿದ್ದು ಬೇಸಾಯಕ್ಕೆ ಒಂದು ತುಂಡು ಗದ್ದೆ. ಅದನ್ನು ಗೇಣಿಗೂ ಕೊಡದಿದ್ದ ಮೇಲೆ ಆ ಕಾನೂನಿನಿಂದ ಅವನಂಥವರಿಗೆ ಬರುವುದಾದರೂ ಏನಿತ್ತು?

'ಬೆಟ್ಟದ ಜೀವ'ದ ಸಂಗತಿ ಬೇರೆ. 1943ರ ಆ ಕಾದಂಬರಿಯಲ್ಲಿ ಅಂದು ನನ್ನನ್ನು ಹಿಡಿದು ಕೂರಿಸಿದ್ದು ಸುಬ್ರಹ್ಮಣ್ಯದ ಕಡೆಯ ಕಾಡು, ಆನೆ, ಹುಲಿ, ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯನ ಛಲ. ಅವನ ಹೆಂಡತಿ ಶಂಕರಮ್ಮನ ಮಾತು ಬಂದರೆ ಬೇಗ ಪುಟ ಮಗುಚುತ್ತಿದ್ದೆ. ಇಂದು ಅಲ್ಲೇ ನಿಲ್ಲುತ್ತೇನೆ. ಮನೆ ಬಿಟ್ಟು ಹೋದ ಮಗ ಶಂಭುವಿನ ಸುದ್ದಿಯನ್ನು ದಂಪತಿ ನೇರವಾಗಿ ಎತ್ತುವುದಿಲ್ಲ. ದಾರಿ ತಪ್ಪಿ ಬಂದ ಅತಿಥಿಗೆ ಉಪಚಾರ ಮಾಡುತ್ತ, ಒಬ್ಬರನ್ನೊಬ್ಬರು ತಮಾಷೆ ಮಾಡುತ್ತ ಇರುತ್ತಾರೆ. ನಡುವೆ ಒಂದು ಮಾತು ಬಾಯಿತಪ್ಪಿ ಬರುತ್ತದೆ. ಅತಿಥಿಗೆ ಅಷ್ಟೊಂದು ಯಾಕೆ ಬಡಿಸುತ್ತಾರೆ ಎಂದು ಆಗ ತಿಳಿಯುತ್ತದೆ. ಓದುವವರ ಗಂಟಲು ಕಟ್ಟುವುದು ಅಲ್ಲಿ.

ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ ಹಿರಿಯರು. ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬಿ.ಸಿ. ರೋಡಿನಿಂದ ಬರುವ ಹೆದ್ದಾರಿ ಅಗಲವಾಗಿ ಮಂಗಳೂರು ಹತ್ತಿರವಾಗಿದೆ. ಆದರೆ ಗೋಪಾಲಯ್ಯನ ಮಗನಂತೆ ಇವರ ಮಕ್ಕಳು ಮನೆ ತೊರೆದು ಹೋದವರಲ್ಲ, ದಿನವೂ ಫೋನು ಮಾಡುತ್ತಾರೆ. ಹಾಗಿದ್ದೂ ಸಂಜೆ ಬಸ್ಸು ನಿಂತ ಸದ್ದಿಗೆ ಹಿರಿಯರು ಅಂಗಳಕ್ಕೆ ಬರುತ್ತಾರೆ.

ಕಾರಂತರ ದೊಡ್ಡ ಕಾದಂಬರಿ 'ಮರಳಿ ಮಣ್ಣಿಗೆ' ಎನ್ನುವವರಿದ್ದಾರೆ, ಇರಲಿ. ನನಗೆ 'ಬೆಟ್ಟದ ಜೀವ'ವೇ ದೊಡ್ಡದು. ಅಪ್ಪ ಅಮ್ಮ ಊರಿನಲ್ಲಿದ್ದು ನೀವು ದೂರದಲ್ಲಿದ್ದರೆ, ಅದನ್ನು ಇನ್ನೊಮ್ಮೆ ಓದಿ.