ಹಿರಿಯರ ಊರಿನಲ್ಲಿ ಊಟ, ಆಟ, ಕೂಟ

ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಉದ್ಯೋಗದ ಹೊರೆಯೂ ಇಳಿದ ಮೇಲೆ, ಉಳಿದ ಆಯುಸ್ಸನ್ನು ಎಲ್ಲಿ, ಯಾರ ಜೊತೆಯಲ್ಲಿ ಕಳೆಯಬೇಕೆಂಬ ಪ್ರಶ್ನೆಯು ಎಲ್ಲ ದೇಶಗಳ ಗೃಹಸ್ಥರಿಗೂ ಒಂದು ದಿನ ಎದುರಾಗತಕ್ಕುದೇ ಆಗಿದೆ. ನಮ್ಮ ಪೂರ್ವಿಕರು ಅದಕ್ಕೆ ವಾನಪ್ರಸ್ಥವೆಂದು ಉತ್ತರ ಹೇಳಿದರು. ಅಮೆರಿಕದವರಲ್ಲಿ ಕೆಲವರು ಕಂಡುಕೊಂಡ ಉತ್ತರವು ಬೇರೆ. ಅವರು ವನವನ್ನರಸಿ ಹೋಗಲಿಲ್ಲ. ಹಿರಿಯರಿಗೆಂದೇ ಕಟ್ಟಿದ ಪಟ್ಟಣಗಳನ್ನು ಸೇರಿದರು. ಅಂಥವುಗಳಲ್ಲಿ ಅತ್ಯಂತ ದೊಡ್ಡದೆಂದು ಹೆಸರಾದುದು ಫ್ಲಾರಿಡಾ ಸಂಸ್ಥಾನದ ನಡುಭಾಗದಲ್ಲಿರುವ ‘ದಿ ವಿಲೇಜಸ್’. ಆ ಮಾತಿಗೆ ಹಳ್ಳಿಗಳೆಂದು ಅರ್ಥ. ಹೆಸರು ಹಳ್ಳಿಯದಾದರೂ 2020ರ ಜನಗಣತಿಯಲ್ಲಿ ಈ ಪಟ್ಟಣಪ್ರದೇಶದ ಜನಸಂಖ್ಯೆಯು ಸುಮಾರು 1,30,000. ಅದರ ಹಿಂದಿನ ಹತ್ತು ವರುಷಗಳಲ್ಲಿ ಇದು ನೂರಕ್ಕೆ 39ರಷ್ಟು ಬೆಳೆಯಿತು. ಆ ದೇಶದ ಬೇರೆ ಯಾವ ಪಟ್ಟಣಪ್ರದೇಶವೂ ಅಷ್ಟು ಬೇಗ ಬೆಳೆಯಲಿಲ್ಲ.

ಆರ್ಲೆಂಡೋ ನಗರದಿಂದ ವಾಯವ್ಯಕ್ಕೆ ಮೋಟಾರಿನಲ್ಲಿ ಹೆಚ್ಚುಕಡಮೆ ಒಂದು ಗಂಟೆಯ ದಾರಿ. ನೆಲವು ಮಟ್ಟಸವಾದುದು. ಅಲ್ಲಲ್ಲಿ ದನಗಳ ಹುಲ್ಲುಗಾವಲು, ಅಲ್ಲಲ್ಲಿ ಕೆರೆಕುಂಟೆಗಳು. ಓಕ್ ಮರಗಳ ಕೊಂಬೆಗಳಿಂದ ಬೂದುಬಣ್ಣದ ಬಿಳಲುಗಳು ಋಷಿಗಳ ಗಡ್ಡದಂತೆ ಜೋಲಾಡುವುವು. ಊರು ಹತ್ತಿರವಾದಂತೆ ಹೆದ್ದಾರಿಯ ಪಕ್ಕದಲ್ಲಿ ಸಣ್ಣ ದಾರಿಯೊಂದು ಕಾಣಿಸಿಕೊಳ್ಳುವುದು. ಅದರ ಮೇಲೆ ತೆರೆದ ಪುಟ್ಟ ಗಾಡಿಗಳು ಒಂದರ ಹಿಂದೊಂದು ಸದ್ದಿಲ್ಲದೆ ಸಾಗುತ್ತಿರುವುವು. ಗಾಲ್ಫ್ ಆಟದ ಬಯಲಿನಲ್ಲಿ ಓಡಾಡಲೆಂದು ಮಾಡಿದ ಗಾಡಿ ಇದು. ಇಲ್ಲಿಯಾದರೋ ಮನೆಮನೆಯ ವಾಹನ. ಇದಕ್ಕಾಗಿ ನೂರು ಮೈಲಿಗೂ ಮಿಕ್ಕ ದಾರಿಯಿದೆ. ಹೆದ್ದಾರಿಯನ್ನು ದಾಟುವುದಕ್ಕೆ ಸೇತುವೆಯನ್ನೇ ಕಟ್ಟಿರುವರು. 2005ರ ಸೆಪ್ಟೆಂಬರಿನಲ್ಲಿ 3,321 ಗಾಡಿಗಳು ಒಂದೇ ಸಾಲಾಗಿ ಮೆರವಣಿಗೆ ಹೊರಟು ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿದುವು. ನೋಡುವವರಿಗೆ ಇದು ಮಕ್ಕಳಾಟದಂತೆ ತೋರಬಹುದು. ಆದರೆ ಕಣ್ಣು ಮಂಜಾಗಿ, ದೊಡ್ಡ ರಸ್ತೆಯಲ್ಲಿ ಮೋಟಾರು ನಡೆಸಲು ಧೈರ್ಯವಿಲ್ಲದ ವೃದ್ಧರೂ ಈ ಗಾಡಿಯನ್ನು ನಡೆಸಬಲ್ಲರು. ಯಾರ ಹಂಗೂ ಇಲ್ಲದೆ ಸಂಜೆ ಮನೆಯಿಂದ ಹೊರಡಬಲ್ಲರು. ಈ ಊರಿನ ಊಟ, ಆಟ, ಕೂಟಗಳೆಲ್ಲ ನಿಂತಿರುವುದು ಈ ಗಾಡಿಯ ನಾಲ್ಕು ಚಕ್ರಗಳ ಮೇಲೆ.

ಊರು ಹುಟ್ಟಿದ ಬಗೆಯನ್ನೂ ಸ್ವಲ್ಪ ಹೇಳಬೇಕು. ಹೆರಾಲ್ಡ್ ಶ್ವಾರ್ಟ್ಸ್ ಎಂಬ ಮಿಷಿಗನ್ ಸಂಸ್ಥಾನದ ವ್ಯಾಪಾರಿ ಫ್ಲಾರಿಡಾದ ನೆಲವನ್ನು ತುಂಡುತುಂಡಾಗಿ ಅಂಚೆಯ ಮೂಲಕ ಮಾರುತ್ತಿದ್ದನು. 1968ರ ಕಾನೂನು ಆ ಬಗೆಯ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಆಗ ಆತನು ಉಳಿದ ನೆಲದಲ್ಲಿ, ಬೇರೆಡೆ ಮಾಡಿ ತಂದಿಳಿಸುವ ಮನೆಗಳ ಒಂದು ಬಡಾವಣೆಯನ್ನು ತೆರೆದನು. ಹತ್ತು ವರುಷ ಕಳೆದರೂ ಮಾರಾಟವಾದುವು ನಾನೂರು ಮನೆಗಳಷ್ಟೆ. 1983ರಲ್ಲಿ ಮಗ ಗ್ಯಾರಿ ಮೋರ್ಸ್ ಬಂದು ಕೈಗೂಡಿಸಿದನು. ಅಷ್ಟರಲ್ಲಿ ಅರಿಜೋನಾ ಸಂಸ್ಥಾನದ ಮರುಭೂಮಿಯ ಪಕ್ಕದಲ್ಲಿ, ಹಿಂದೆ ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ, ಡೆಲ್ ವೆಬ್ ಎಂಬಾತನು ಕಟ್ಟಿದ ‘ಸನ್ ಸಿಟಿ’ ಪ್ರಸಿದ್ಧವಾಗಿದ್ದಿತು. 1960ರ ಜನವರಿ 1ರಂದು ಅದರ ಬಾಗಿಲು ತೆರೆದಾಗ ಮೂರು ದಿನಗಳಲ್ಲಿ ಸುಮಾರು ಒಂದು ಲಕ್ಷ ಜನರು ನೋಡಲು ಬಂದಿದ್ದರಂತೆ. ಅಲ್ಲಿ ಮನೆಗಳಿಗಿಂತ ಮೊದಲೇ ಆಟದ ಬಯಲು, ಕೂಟದ ಭವನ, ಅಂಗಡಿಬೀದಿ ಸಿದ್ಧವಾಗಿದ್ದುವು. ಅದರ ಗುಟ್ಟನ್ನು ಮೋರ್ಸ್ ತಿಳಿದುಕೊಂಡನು. ನಿವೃತ್ತನಾದವನು ಕೊಳ್ಳುವುದು ನಾಲ್ಕು ಗೋಡೆಗಳನ್ನಲ್ಲ, ಹೊತ್ತು ಕಳೆಯುವ ನಾಳೆಗಳನ್ನು. ತಂದೆಮಕ್ಕಳು ತಮ್ಮ ಊರಿನಲ್ಲಿಯೂ ಗಾಲ್ಫ್ ಬಯಲನ್ನೂ ಈಜುಕೊಳಗಳನ್ನೂ ಮಾಡಿಸಿದರು. 1992ರಲ್ಲಿ ಊರಿಗೆ ಈಗಿನ ಹೆಸರಿಟ್ಟರು. ಅಲ್ಲಿಂದ ಮುಂದೆ ಬೆಳವಣಿಗೆಯು ನಿಲ್ಲಲಿಲ್ಲ.

ಈಗ ಪ್ರತಿಯೊಂದು ಮನೆಯವರೂ ತಿಂಗಳಿಗೆ ಸುಮಾರು 200 ಡಾಲರುಗಳನ್ನು ಸೌಕರ್ಯಗಳ ಬಾಬತ್ತು ತೆರುವರು. ಅದರ ಬಲದಿಂದ ಈಜುಕೊಳಗಳೂ, ಕೂಟದ ಭವನಗಳೂ, ಚಿಕ್ಕ ಗಾಲ್ಫ್ ಬಯಲುಗಳೂ ಅವರಿಗೆ ತೆರೆದಿರುವುವು. ದೊಡ್ಡ ಗಾಲ್ಫ್ ಬಯಲುಗಳಿಗೆ ಮಾತ್ರ ಬೇರೆ ಹಣ ಕೊಡಬೇಕು.

ಮೊದಲು ಊಟದ ಮಾತನ್ನೇ ಹೇಳುವೆವು. ನಮ್ಮಲ್ಲಿ ಮಧ್ಯಾಹ್ನದ ಕಾಫಿಗೆ ನೀರಿಡುವ ಹೊತ್ತಿಗೆ ಈ ಊರಿನವರು ರಾತ್ರಿಯ ಊಟಕ್ಕೆ ಹೊರಡುವರು. ನಾಲ್ಕೂವರೆ ಗಂಟೆಗೇ ಉಪಾಹಾರಗೃಹಗಳ ಮುಂದೆ ಗಾಡಿಗಳು ಸಾಲುಗಟ್ಟುವುವು. ಹಿರಿಯರ ಜೀರ್ಣಶಕ್ತಿಗೆ ಬೇಗನೆ ಉಣ್ಣುವುದು ಒಗ್ಗುವುದು. ಊಟ ಬೇಗ ಮುಗಿದರೆ ಸಂಗೀತಕ್ಕೆ ಕಾಲವುಳಿಯುವುದು. ಚೌಕಗಳ ಸುತ್ತಲೂ, ಗಾಲ್ಫ್ ಬಯಲುಗಳ ಅಂಚಿನಲ್ಲಿರುವ ಕ್ಲಬ್ಬುಗಳಲ್ಲಿಯೂ ಊಟದ ಮನೆಗಳು ಬೇಕಾದಷ್ಟಿವೆ. ಆದರೆ ನಮಗೆ ಹೆಚ್ಚು ಹಿಡಿಸಿದುದು ಹಣ ಕೊಟ್ಟು ಉಣ್ಣುವ ಊಟವಲ್ಲ. ಬಡಾವಣೆಗಳ ಕೂಟದ ಭವನಗಳಲ್ಲಿ ಕೆಲವಕ್ಕೆ ಅಡಿಗೆಮನೆಯೂ ಉಂಟು. ಅಲ್ಲಿಗೆ ಬೀದಿಯವರೆಲ್ಲರೂ ಮನೆಗೊಂದು ಭಕ್ಷ್ಯವನ್ನು ಮಾಡಿ ತಂದು, ಉದ್ದದ ಮೇಜಿನ ಮೇಲೆ ಇರಿಸಿ, ಎಲ್ಲರೂ ಎಲ್ಲವನ್ನೂ ಹಂಚಿಕೊಂಡು ಉಣ್ಣುವ ಪದ್ಧತಿಯಿದೆ. ಒಬ್ಬೊಂಟಿಗರಾದವರು ತಮಗಾಗಿ ಮಾತ್ರ ಒಲೆ ಹೊತ್ತಿಸಲು ಬೇಸರಪಡುವರೆಂಬುದನ್ನು ಯಾವ ಗೃಹಿಣಿಗೂ ಹೇಳಬೇಕಾಗಿಲ್ಲ. ಹತ್ತು ಜನರು ಉಣ್ಣುವರೆಂದಾಗ ಅವರೇ ಉತ್ಸಾಹದಿಂದ ಹಿಟ್ಟು ಕಲಸುವರು.

ಇನ್ನು ಆಟಪಾಟಗಳು. ಊರಿನಲ್ಲಿ ಹಲವು ಚೌಕಗಳಿವೆ. ಒಂದು ಸ್ಪೇನ್ ದೇಶದವರ ಹಳೆಯ ಪೇಟೆಯಂತೆ, ಮತ್ತೊಂದು ನೀರಿನಂಚಿನ ಬಂದರಿನಂತೆ, ಇನ್ನೊಂದು ದನಗಾಹಿಗಳ ಪೇಟೆಯಂತೆ ಕಟ್ಟಲ್ಪಟ್ಟಿವೆ. ಚೌಕಗಳಲ್ಲಿ ಸಂಜೆಸಂಜೆಯೂ ವಾದ್ಯಗೋಷ್ಠಿ ನಡೆಯುವುದು, ಅದಕ್ಕೆ ಟಿಕೆಟ್ಟಿಲ್ಲ. ತಮ್ಮ ಯೌವನದ ಹಾಡುಗಳು ಕಿವಿಗೆ ಬೀಳುತ್ತಲೇ ಎಪ್ಪತ್ತು ಎಂಬತ್ತು ವರುಷದ ಸ್ತ್ರೀಪುರುಷರು ಸಾಲಾಗಿ ನಿಂತು, ಎಲ್ಲರೂ ಒಂದೇ ಹೆಜ್ಜೆಯನ್ನಿಟ್ಟು ಕುಣಿಯುವರು. ಈ ಸಾಲುಕುಣಿತಕ್ಕೆ ಜೋಡಿ ಬೇಕಿಲ್ಲವೆಂಬುದನ್ನು ನಾವು ಸ್ವಲ್ಪ ಹೊತ್ತು ನೋಡಿದ ಮೇಲೆಯೇ ಗಮನಿಸಿದೆವು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಸಹ ಸಂಕೋಚವಿಲ್ಲದೆ ಆ ಸಾಲಿನಲ್ಲಿ ಸೇರಬಹುದು. ಒಂಬತ್ತು ಗಂಟೆಗೆ ವಾದ್ಯ ನಿಲ್ಲುವುದು; ಸ್ವಲ್ಪ ಹೊತ್ತಿನಲ್ಲಿಯೇ ಚೌಕ ಬರಿದಾಗುವುದು. ಚೌಕದಲ್ಲಿ ಮದ್ಯದ ಮಾರಾಟವೂ ಧಾರಾಳವಾಗಿರುವುದೆಂಬುದನ್ನು ಮರೆಮಾಚಲಾಗದು. 2020ರ ವಸಂತದಲ್ಲಿ ಕೋವಿಡ್ ಮಹಾಮಾರಿಯಿಂದಾಗಿ ಈ ಸಂಗೀತವು ನಿಂತುಹೋದಾಗ ಊರಿನ ಉಸಿರೇ ನಿಂತಂತಾಗಿದ್ದಿರಬೇಕು.

ಕೂಟಗಳ ಸಂಖ್ಯೆಯನ್ನು ಕೇಳಿದರೆ ವಾಚಕರು ಬೆರಗಾಗುವರು: ಮೂರು ಸಾವಿರಕ್ಕೂ ಹೆಚ್ಚು! ಇಸ್ಪೀಟು, ಗಾಯನ, ನಾಟಕ, ಕಸೂತಿ, ಮರಗೆಲಸ, ಆಟಿಕೆಯ ರೈಲು, ವಂಶಾವಳಿಯ ಶೋಧನೆ, ನೀರಿನಲ್ಲಿ ತಾಳಕ್ಕೆ ಸರಿಯಾಗಿ ಈಜುವುದು—ಒಂದೊಂದಕ್ಕೂ ಕೂಟವುಂಟು. ಪಿಂಗ್‌ಪಾಂಗ್ ಮತ್ತು ಟೆನಿಸ್ ಆಟಗಳ ನಡುವಿನದೆನ್ನಬಹುದಾದ ‘ಪಿಕಲ್‌ಬಾಲ್’ ಎಂಬ ಆಟವು 1965ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಒಂದು ದ್ವೀಪದಲ್ಲಿ ಹುಟ್ಟಿತು; ಓಡಾಟ ಕಡಮೆಯಾದುದರಿಂದ ಇಲ್ಲಿಯ ಹಿರಿಯರಿಗೆ ಅದು ಬಹಳ ಪ್ರಿಯವಾಗಿದೆ. ಒಂದೇ ಸಂಸ್ಥಾನದಿಂದ ವಲಸೆ ಬಂದವರು ಕಲೆತು ತವರಿನ ಮಾತಾಡುವ ಕೂಟಗಳಿವೆ. ಈ ಊರನ್ನು ಕುರಿತು 2020ರಲ್ಲಿ ಬಂದ ‘ಸಮ್ ಕೈಂಡ್ ಆಫ್ ಹೆವನ್’ ಎಂಬ ಸಾಕ್ಷ್ಯಚಿತ್ರದಲ್ಲಿ, ಇಲೇನ್ ಎಂಬ ಒಂದೇ ಹೆಸರಿನ ಹೆಂಗಸರೆಲ್ಲ ಸೇರಿದ ಕೂಟವೊಂದು ಕಾಣಿಸುವುದು. ರಾಜಕೀಯ ಪಕ್ಷಗಳ ಕೂಟಗಳೂ ಉಂಟು. ಅದೇ ವರುಷದ ಚುನಾವಣೆಯ ಕಾಲದಲ್ಲಿ ಗಾಡಿಗಳ ಮೆರವಣಿಗೆಯಲ್ಲಿ ಎದುರುಪಕ್ಷದವರು ಒಬ್ಬರನ್ನೊಬ್ಬರು ಬಿರುನುಡಿಗಳಿಂದ ಹಳಿದುದು ದೇಶದಲ್ಲೆಲ್ಲ ಸುದ್ದಿಯಾಯಿತು. ಈ ಕೂಟಗಳನ್ನು ನಡೆಸುವವರು ನಿವಾಸಿಗಳೇ, ಅವರಿಗೆ ಸಂಬಳವಿಲ್ಲ. ಹಿಂದೆ ಕಚೇರಿಯನ್ನೋ ಶಾಲೆಯನ್ನೋ ನಡೆಸಿದ ಕೈಗಳಿಗೆ ಇದರಿಂದ ಮತ್ತೆ ಕೆಲಸ ಸಿಕ್ಕಿದೆ.

ಒಂದು ಭವನದಲ್ಲಿ ನಾವು ಇಸ್ಪೀಟಾಟವನ್ನು ನೋಡುತ್ತ ನಿಂತಿದ್ದೆವು. ನಾಲ್ವರ ಮೇಜಿನಲ್ಲಿ ಮೂವರು ಮಾತ್ರ ಕುಳಿತಿದ್ದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು; ನಾಲ್ಕನೆಯವರು ಬರಲಿಲ್ಲ. ಎಲೆಗಳನ್ನು ಹಂಚಲು ಸಿದ್ಧರಾಗಿದ್ದ ವೃದ್ಧೆಯು ಅವುಗಳನ್ನು ಕೆಳಗಿಟ್ಟು, ಎದ್ದು ಹೊರಗೆ ಹೋಗಿ, ಟೆಲಿಫೋನಿನಲ್ಲಿ ಮಾತನಾಡಿ ಬಂದರು. ಬರಬೇಕಾಗಿದ್ದಾಕೆ ಹಲ್ಲಿನ ವೈದ್ಯರ ಬಳಿ ಇರುವರೆಂದು ತಿಳಿದ ಬಳಿಕ ಮೂವರ ಮುಖಗಳೂ ಸಡಿಲವಾದುವು. ಅಷ್ಟು ಹೊತ್ತು ಅವರು ಯಾವುದನ್ನು ಹೆದರಿದ್ದರೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈ ಊರಿನ ಮೂರು ಸಾವಿರ ಕೂಟಗಳ ನಿಜವಾದ ಪ್ರಯೋಜನವು ನಮಗೆ ಅಲ್ಲಿ ಮನಸ್ಸಿಗೆ ಬಂದಿತು. ಒಂಟಿಯಾಗಿರುವ ಮನುಷ್ಯನು ಮನೆಯೊಳಗೆ ಬಿದ್ದರೆ, ಕಾಯಿಲೆಯಾದರೆ, ದುಃಖದಿಂದ ಬಾಗಿಲು ಹಾಕಿಕೊಂಡರೆ, ಆತನು ಬರಲಿಲ್ಲವೇಕೆಂದು ಕೇಳುವವರು ಬೇಕು. ಇಸ್ಪೀಟು ಅದಕ್ಕೊಂದು ನೆವ.

ಹಾಗಾದರೆ ಇದು ಕೊರತೆಯಿಲ್ಲದ ಸ್ವರ್ಗವೇ? ಹಾಗೆಂದು ನಮಗೆ ತೋರಲಿಲ್ಲ. 1995ರ ಒಂದು ಕಾನೂನಿನ ಮೇರೆಗೆ, ನೂರಕ್ಕೆ 80 ಮನೆಗಳಲ್ಲಾದರೂ 55 ವರುಷ ತುಂಬಿದವರೊಬ್ಬರು ವಾಸವಾಗಿದ್ದರೆ, ಇಂತಹ ಊರುಗಳು ಮಕ್ಕಳಿರುವ ಸಂಸಾರಗಳನ್ನು ಹೊರಗಿಡಬಹುದು. ದಿ ವಿಲೇಜಸ್‌ನ ಹಿರಿಯರ ಬಡಾವಣೆಗಳಲ್ಲಿ 19 ವರುಷ ತುಂಬದವರು ನೆಲಸಕೂಡದು. ವರುಷಕ್ಕೆ 30 ದಿನ ಅತಿಥಿಗಳಾಗಿ ಇರಬಹುದು. ಮೊಮ್ಮಕ್ಕಳು ಬೇಸಗೆಯಲ್ಲಿ ಬರುವರು. ಅವರಿಗಾಗಿ ವಿಶೇಷ ಆಟಪಾಟಗಳನ್ನೂ ಏರ್ಪಡಿಸುವರು. ಆಮೇಲೆ ಅವರು ಹೊರಟುಹೋಗುವರು. ಬೀದಿಯಲ್ಲಿ ಕೂಸಿನ ಅಳುವಿಲ್ಲ, ಶಾಲೆಯಿಂದ ಓಡಿಬರುವ ಹುಡುಗರ ಗದ್ದಲವಿಲ್ಲ. ಊಟ ಬಡಿಸುವ, ಹುಲ್ಲು ಕತ್ತರಿಸುವ, ರೋಗಿಗಳ ಆರೈಕೆ ಮಾಡುವ ತರುಣರು ಬೇರೆಡೆಯಿಂದ ಬಂದು ದುಡಿದು ಹಿಂತಿರುಗುವರು. ಈ ಕೆಲಸಗಾರರ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದಿರುವುದು ಸಂತೋಷದ ಮಾತು. ಊರಿನ ಜನರು ಬಹುಮಟ್ಟಿಗೆ ಒಂದೇ ಬಣ್ಣದವರು, ಒಂದೇ ಅಂತಸ್ತಿನವರು. ಚೌಕದ ಕಟ್ಟಡಗಳ ಮೇಲೆ ಹಳೆಯ ಕಾಲದ ಕಥೆಗಳನ್ನು ಬರೆದ ಫಲಕಗಳುಂಟು. ಆ ಕಥೆಗಳೆಲ್ಲ ಕಟ್ಟಿದವರ ಕಲ್ಪನೆ. ಹುಟ್ಟನ್ನು ಕಾಣದ ಊರಿಗೆ ನಿನ್ನೆಯನ್ನೂ ಹೀಗೆ ಕೊಂಡು ತರಬೇಕಾಯಿತು.

ಇಲ್ಲಿಂದ ದೂರವಲ್ಲದ ಟವೇರೀಸ್ ಎಂಬ ಊರಿನಲ್ಲಿ ‘ಶಾಂತಿನಿಕೇತನ್’ ಎಂಬ ಇನ್ನೊಂದು ನೆಲೆಯಿದೆ. ಅಮೆರಿಕದಲ್ಲಿ ಬಾಳಿ ವೃದ್ಧರಾದ ಭಾರತೀಯರಿಗಾಗಿ ಈ ಶತಮಾನದ ಎರಡನೆಯ ದಶಕದ ಮೊದಲಲ್ಲಿ ಅದು ಆರಂಭವಾಯಿತು. ಅದು ಬಹು ಚಿಕ್ಕದು. ಅಲ್ಲಿಯ ಮುಖ್ಯ ಆಕರ್ಷಣೆ ಗಾಲ್ಫ್ ಅಲ್ಲ. ಎಲ್ಲರೂ ಕೂಡಿ ಉಣ್ಣುವ ನಮ್ಮ ದೇಶದ ಅಡಿಗೆ, ಪ್ರಾರ್ಥನೆಯ ಮಂದಿರ, ಭಜನೆ. ನಲವತ್ತು ವರುಷ ಪರದೇಶದ ನೌಕರಿ ಮಾಡಿದವನಿಗೂ ಕೊನೆಗೆ ನಾಲಗೆಯು ಹುಟ್ಟಿದ ಊರಿನ ರುಚಿಯನ್ನೇ ಬೇಡುವುದು. ಹಳೆಯ ಮಾತನ್ನು ವಿವರಿಸದೆಯೇ ತಿಳಿದುಕೊಳ್ಳುವ ಗೆಳೆಯನನ್ನು ಬೇಡುವುದು. ಆ ಮಟ್ಟಿಗೆ ದೊಡ್ಡ ಊರಿನವರೂ ಚಿಕ್ಕ ಊರಿನವರೂ ಅರಸಿದುದು ಒಂದನ್ನೇ.

ಇದನ್ನೆಲ್ಲ ಓದಿ, ಹೆತ್ತವರನ್ನು ದೂರವಿಡುವ ನಾಡಿನ ಸುದ್ದಿ ನಮಗೇಕೆಂದು ಕೆಲವರು ಕೇಳಬಹುದು. ಆದರೆ ನಮ್ಮ ಕಡೆಯ ಎಷ್ಟೋ ತಂದೆತಾಯಿಗಳು ಮಕ್ಕಳಿರುವ ಅಮೆರಿಕಕ್ಕೇ ಹೋಗಿ ಆರಾರು ತಿಂಗಳಿದ್ದು ಬರುತ್ತಿರುವರು. ಅಲ್ಲಿ ಮಗನ ಪ್ರೀತಿಗೆ ಕಡಮೆಯಿಲ್ಲ, ಸೊಸೆಯ ಉಪಚಾರಕ್ಕೆ ಕುಂದಿಲ್ಲ. ಆದರೂ ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ, ಬೆಳಗ್ಗೆ ಎಂಟರಿಂದ ಸಂಜೆ ಆರರ ವರೆಗೆ, ಅವರು ಕಿಟಕಿಯ ಬಳಿ ಕುಳಿತು ಹೋಗಿಬರುವ ಮೋಟಾರುಗಳನ್ನು ಎಣಿಸುವರು. ಊರಿನಲ್ಲಿಯೇ ಉಳಿದವರ ಪಾಡೂ ಹಲವೆಡೆ ಇದಕ್ಕಿಂತ ಬೇರೆಯಲ್ಲ. ಅನ್ನ, ಔಷಧ, ಹಾಸಿಗೆಗಳನ್ನು ಒದಗಿಸಿದೊಡನೆ ಹಿರಿಯರ ಋಣ ತೀರಿತೆಂದು ನಾವು ಭಾವಿಸುವುದುಂಟು. ಸಂಜೆಯಾದರೆ ಅವರಿಗೆ ಹೊರಡಲು ಒಂದು ಜಾಗ ಬೇಕು, ಅಲ್ಲಿ ಸಮವಯಸ್ಕರು ಬೇಕು, ತಾವು ಮಾಡಿ ಕೊಡಬಹುದಾದ ಕೆಲಸವೊಂದು ಬೇಕು ಎಂಬುದನ್ನು ನೆನೆಯುವುದಿಲ್ಲ.

ಅದಕ್ಕೆ ಮೂರು ಸಾವಿರ ಕೂಟಗಳು ಬೇಕಿಲ್ಲ. ಬೀದಿಯ ಕೊನೆಯ ಕಟ್ಟೆ, ದೇವಾಲಯದ ಜಗಲಿ, ವಾಚನಾಲಯದ ಒಂದು ಕೊಠಡಿ ಸಾಕು. ಮಕ್ಕಳ ಕೂಗಾಟವು ಕೇಳಿಸುವ ಸ್ಥಳವಾದರೆ ಇನ್ನೂ ಉತ್ತಮ. ಅಮೆರಿಕದ ಆ ಹಿರಿಯರು ಹಣ ಕೊಟ್ಟರೂ ಪಡೆಯಲಾರದ ಭಾಗ್ಯವದು. ಈ ವಾರ ನಮ್ಮ ಬೀದಿಯಲ್ಲಿ ಯಾವ ಹಿರಿಯರ ಮುಖವನ್ನು ಕಾಣಲಿಲ್ಲವೆಂದು ಪ್ರತಿಯೊಬ್ಬ ಗೃಹಸ್ಥನೂ ಒಮ್ಮೆ ಯೋಚಿಸಿ, ಅವರ ಬಾಗಿಲನ್ನು ತಟ್ಟಿ ಬರುವುದಾದರೆ ಈ ಪ್ರವಾಸದ ಬರೆಹವು ಸಾರ್ಥಕವಾಯಿತೆಂದು ನಾವು ತಿಳಿಯುವೆವು.