ಬಿಟ್ಟಿದ್ದಲ್ಲ, ಬಿಡಿಸಿದ್ದು

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಕ್ಕನ ಮಗಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ರಜೆ ಮುಗಿದರೆ ಅವಳು ಒಂಬತ್ತನೇ ತರಗತಿ. ಗುಂಜಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಫ್ರೇಸಲ್ ವರ್ಬ್‌ಗಳ ಪಟ್ಟಿ ಹಿಡಿದು ಕೂತಿದ್ದೆವು. ಗಿವ್ ಅಪ್, ಲುಕ್ ಆಫ್ಟರ್, ಡ್ರಾಪ್ ಔಟ್. “ಗೈಡಿನ ವಾಕ್ಯ ಬ್ಯಾಡ. ದಿನಾ ಮನ್ಯಾಗ ಮಾತಾಡೋ ಅಂಥಾ ವಾಕ್ಯ ಬರಿ” ಅಂದೆ.

ಮೂರನೆಯದಕ್ಕೆ ಅವಳು ಬರೆದದ್ದು: ‘ಮೈ ಮದರ್ ಡ್ರಾಪ್ಡ್ ಔಟ್ ಆಫ್ ಸ್ಕೂಲ್ ಆಫ್ಟರ್ ಸೆವೆಂತ್ ಸ್ಟ್ಯಾಂಡರ್ಡ್.’ ವ್ಯಾಕರಣ ಸರಿಯಿತ್ತು. ಟಿಕ್ ಹಾಕಿದೆ. ಹುಡುಗಿ ಖುಷಿಯಿಂದ ಒಳಗೆ ಕೂಗಿ ಹೇಳಿದಳು: “ಯವ್ವಾ, ನಿನ್ನ ಮ್ಯಾಲ ಬರದೀನಿ. ನಮ್ಮವ್ವ ಏಳ್ನೇ ಕ್ಲಾಸಿಗೆ ಸಾಲಿ ಬಿಟ್ಟಾಳ ಅಂತ.”

ರೊಟ್ಟಿ ಬಡಿಯುವ ಸದ್ದು ನಿಂತಿತು. “ನಾ ಎಲ್ಲಿ ಬಿಟ್ಟೀನಿ? ಬಿಡಿಸಿದ್ರು.” ಮತ್ತೆ ಸದ್ದು ಶುರುವಾಯಿತು.

ಅಕ್ಕ ಒಂದು ಪ್ರತ್ಯಯ ಸೇರಿಸಿದ್ದಳು, ಅಷ್ಟೇ. ಬಿಡು, ಬಿಡಿಸು. ಇಂಥದ್ದನ್ನು ಪ್ರೇರಣಾರ್ಥಕ ಎನ್ನುತ್ತಾರೆಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಮಾಡು, ಮಾಡಿಸು, ಓದು, ಓದಿಸು. ಕೆಲಸ ಒಬ್ಬರದು, ಮಾಡಿಸಿದವರು ಇನ್ನೊಬ್ಬರು. ಆದರೆ ಅಕ್ಕನ ಬದುಕಿಗೂ ಆ ‘ಇಸು’ಗೂ ಸಂಬಂಧವಿದೆ ಎಂಬುದು, ಶಿಕ್ಷಣ ಮತ್ತು ವಲಸೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇಂಗ್ಲಿಷಿನ ಇಂಥ ಜೋಡಿ ಕ್ರಿಯಾಪದಗಳನ್ನು ನಾವು ದಿನವಿಡೀ ಬಳಸುತ್ತೇವೆ. ಅವಕ್ಕೆ ‘ಆಗು’ ಅಥವಾ ‘ಮಾಡು’ ಹಚ್ಚಿದರೆ ಕನ್ನಡವಾಗಿಬಿಡುತ್ತವೆ. ‘ಫೋನ್ ಸ್ವಿಚಾಫ್ ಆಗೇದ’ ಅಂದರೆ ಯಾರ ತಪ್ಪೂ ಇಲ್ಲ, ಚಾರ್ಜ್ ಮುಗಿದಿರಬಹುದು. ‘ಸ್ವಿಚಾಫ್ ಮಾಡ್ಯಾನ’ ಅಂದರೆ ಬೇಕಂತಲೇ ಮಾಡಿದ್ದಾನೆ, ಬಹುಶಃ ಸಾಲ ಕೊಡಬೇಕಿದೆ. ಈ ಎರಡರ ನಡುವಿನ ವ್ಯತ್ಯಾಸ ನಮ್ಮೂರಿನ ಸಣ್ಣ ಹುಡುಗರಿಗೂ ಗೊತ್ತು. ‘ಡ್ರಾಪೌಟ್’ಗೆ ಮಾತ್ರ ನಾವು ‘ಆಗು’ವನ್ನಷ್ಟೇ ಕೊಟ್ಟಿದ್ದೇವೆ. ‘ಹುಡುಗಿ ಡ್ರಾಪೌಟ್ ಆಗ್ಯಾಳ’ ಎಂದು ಮಾಸ್ತರರು ಹೇಳುತ್ತಾರೆ, ಸಭೆಗಳಲ್ಲಿ ಹೇಳುತ್ತಾರೆ, ನಾನೂ ಹೇಳಿದ್ದೇನೆ. ‘ಡ್ರಾಪೌಟ್ ಮಾಡಿದರು’ ಎಂದು ಯಾರ ಬಾಯಲ್ಲೂ ಕೇಳಿಲ್ಲ. ಮಗು ತಾನೇ ಮರದಿಂದ ಉದುರಿದ ಕಾಯಿಯ ಹಾಗೆ.

ಕಚೇರಿಯ ಕನ್ನಡವೂ ಇದೇ ದಾರಿ ಹಿಡಿದಿದೆ. ‘ಶಾಲೆ ಬಿಟ್ಟ ಮಕ್ಕಳು’, ‘ಶಾಲೆಯಿಂದ ಹೊರಗುಳಿದ ಮಕ್ಕಳು’. ಬಿಟ್ಟವರೂ ಅವರೇ, ಉಳಿದವರೂ ಅವರೇ. ನಮ್ಮ ಸೀಮೆಗೇ ಇಂಥದ್ದೊಂದು ಹೆಸರಿದೆ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲೂ ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ದೇವದುರ್ಗವಿತ್ತು. ಆ ಪಟ್ಟಿ ಬೇಕಾಗಿತ್ತು, ಅದರಿಂದ ಉಪಯೋಗವೂ ಆಗಿದೆ. ಆದರೆ ‘ಹಿಂದುಳಿದ’ ಎಂಬ ಪದ ಕೇಳಿದಾಗ, ಎಲ್ಲರೂ ನಡೆದು ಹೋದ ಮೇಲೆ ದೇವದುರ್ಗ ಒಂದೇ ಬೇವಿನ ಮರದ ನೆರಳಿಗೆ ಕೂತುಬಿಟ್ಟಿತೇನೋ ಅನಿಸುತ್ತದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳು ಏಳನೇ ತರಗತಿ ಮುಗಿಸಿದ್ದು 2004ರಲ್ಲಿ. ಅದಕ್ಕೂ ಮುಂಚೆ, 2001ರಿಂದ ರಾಜ್ಯದಲ್ಲಿ ಸತತ ಮೂರು ವರ್ಷ ಬರ. ಅಪ್ಪ ಬೆಂಗಳೂರಿಗೆ ಗುಳೆ ಹೋಗಿದ್ದ, ಬರದ ಸಾಲ ಮನೆಯಲ್ಲೇ ಉಳಿದಿತ್ತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ಅಷ್ಟೊತ್ತಿಗೆ ಅಕ್ಕ ಆರು ಸುಗ್ಗಿ ಹತ್ತಿ ಬಿಡಿಸಿದ್ದಳು.

ಹೌದು, ಅಲ್ಲೂ ಅದೇ ಕ್ರಿಯಾಪದ. ನಮ್ಮ ಕಡೆ ಹತ್ತಿಯನ್ನು ಕೀಳುವುದಿಲ್ಲ, ಬಿಡಿಸುತ್ತೇವೆ. ಉಡಿ ಕಟ್ಟಿಕೊಂಡು ಸಾಲು ಹಿಡಿದು ಹೋಗಬೇಕು. ಒಣಗಿದ ಕಾಯಿಯ ಚೂಪು ತುದಿ ಬೆರಳು ಗೀರುತ್ತದೆ. ಸಂಜೆ ತೂಗಿ ಕೆಜಿ ಲೆಕ್ಕದಲ್ಲಿ ಕೂಲಿ. ಸಣ್ಣ ಬೆರಳುಗಳು ಚುರುಕು ಎಂದು ಹುಡುಗಿಯರನ್ನೇ ಮೊದಲು ಕರೆಯುತ್ತಿದ್ದರು. ಅವಳನ್ನು ಸಾಲಿ ಬಿಡಿಸಿ ಹತ್ತಿ ಬಿಡಿಸಲು ಕಳಿಸಿದರು. ಆ ಕೂಲಿಯಲ್ಲಿ ಎರಡನೇ ತರಗತಿಯ ನನಗೆ ನೋಟ್‌ಬುಕ್ಕು, ಚಪ್ಪಲಿ ಬಂದವು.

ಆ ರಾತ್ರಿ ಕಟ್ಟೆಯ ಮೇಲೆ ಕೂತಿದ್ದಾಗ ಅವ್ವನನ್ನು ಕೇಳಿದೆ. “ಅಕ್ಕನ್ನ ಸಾಲಿ ಬಿಡಿಸಿದ್ದು ಯಾರು?”

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: “ನಾನೇ ಬಿಡಿಸೀನಿ ಅಂತ ಬರಕೋ. ಸಾಲ ಕೊಟ್ಟವ ಇದೇ ಕಟ್ಟಿ ಮ್ಯಾಲ ಬಂದು ಕುಂದರ್ತಿದ್ದ. ನಿಮ್ಮಪ್ಪ ಊರಾಗ ಇದ್ದಿಲ್ಲ. ನೀ ಸಣ್ಣವ. ನನ್ನ ಕೈಯಾಗ ಮತ್ತೇನಿತ್ತು?”

ಬಿಡಿಸಿದವಳಿಂದ ಬಿಡಿಸುವ ಕೆಲಸ ಮಾಡಿಸಿದವರನ್ನು ಹೇಳಲು ಕನ್ನಡದಲ್ಲೂ ಒಂದೇ ಪದ ಸಿಗಲಿಲ್ಲ. ಅದಕ್ಕೆ ಬರ, ಸಾಲ, ಗುಳೆ, ಗಂಡುಮಗ ಎಲ್ಲವೂ ಇರುವ ಉದ್ದನೆಯ ವಾಕ್ಯವೇ ಬೇಕು. ‘ಡ್ರಾಪೌಟ್’ ಎಂಬ ಪದದ ಅನುಕೂಲವೇ ಅದು. ಆ ಉದ್ದನೆಯ ವಾಕ್ಯ ಬರೆಯುವ ಕಷ್ಟವನ್ನು ತಪ್ಪಿಸುತ್ತದೆ.

ಹಾಸ್ಟೆಲ್ಲಿಗೆ ಮರಳಿದ ಮೇಲೆ ನನ್ನ ಪ್ರಬಂಧದ ಕರಡಿನಲ್ಲಿ ಆ ಪದವನ್ನು ಹುಡುಕಿದೆ. ನಲವತ್ತಕ್ಕೂ ಹೆಚ್ಚು ಕಡೆ ಇತ್ತು. ಇಂಗ್ಲಿಷಿನಲ್ಲೂ ಇದನ್ನು ಒಪ್ಪದೆ ‘ಪುಶ್ ಔಟ್’ ಎಂದು ಬರೆಯುವ ವಿದ್ವಾಂಸರಿದ್ದಾರೆ. ಒಂದೇ ಏಟಿಗೆ ಎಲ್ಲ ಕಡೆ ಅದನ್ನೇ ಹಾಕಿಬಿಡೋಣ ಅನಿಸಿತು. ಆದರೆ ಅದೂ ಸುಳ್ಳಾಗುತ್ತದೆ. ಮಾಸ್ತರರ ಬೆತ್ತಕ್ಕೆ ಹೆದರಿ ತಾನೇ ಓಡಿಹೋದ ಹುಡುಗನಿದ್ದಾನೆ, ಲಾರಿ ಕ್ಲೀನರ್ ಆಗುವ ಆಸೆಗೆ ಹೋದವನೂ ಇದ್ದಾನೆ. ಹಾಗಾಗಿ ಈಗ ಒಂದೊಂದೇ ವಾಕ್ಯದ ಮುಂದೆ ಕೂತು ಯಾರು ಬಿಟ್ಟರು, ಯಾರನ್ನು ಯಾರು ಬಿಡಿಸಿದರು ಎಂದು ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಹುಡುಕುತ್ತಿದ್ದೇನೆ. ಎಷ್ಟೋ ಕಡೆ ಉತ್ತರವಿಲ್ಲ, ಏಕೆಂದರೆ ನಾನು ಕೇಳಿಯೇ ಇರಲಿಲ್ಲ. ಮತ್ತೆ ಆ ಊರುಗಳಿಗೆ ಹೋಗಬೇಕು. ಪ್ರಬಂಧ ಒಪ್ಪಿಸುವುದು ತಡವಾಗುತ್ತದೆ.

ಊರಿಂದ ಹೊರಡುವ ದಿನ ಅಕ್ಕನ ಮಗಳು ನೋಟ್‌ಬುಕ್ ತಂದಿದ್ದಳು. ಹಳೆಯ ವಾಕ್ಯ ಹೊಡೆದುಹಾಕಿ, ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಫ್ರೇಸಲ್ ವರ್ಬ್ ತಾನೇ ಹುಡುಕಿ ಬರೆದಿದ್ದಳು: ‘ದೇ ಟುಕ್ ಮೈ ಮದರ್ ಔಟ್ ಆಫ್ ಸ್ಕೂಲ್.’

“ಇದು ಸರಿ ಅದ ಏನು ಮಾಮಾ?”

“ಸರಿ ಅದ.”

“ಮತ್ತ ‘ದೇ’ ಅಂದ್ರ ಯಾರು?”

ಬಸ್ಸಿನ ಹೊತ್ತಾಗಿತ್ತು. “ಬಾಳ ಮಂದಿ ಅದಾರ. ಮುಂದಿನ ಸಲ ಬಂದಾಗ ಕುಂತು ಹೇಳ್ತೀನಿ” ಅಂದೆ. ಬಾಗಿಲಲ್ಲಿ ಅಕ್ಕ ರೊಟ್ಟಿ ಬುತ್ತಿ ಹಿಡಿದು ನಿಂತಿದ್ದಳು. ಅದನ್ನು ಇಸಿದುಕೊಳ್ಳುತ್ತಾ ಹುಡುಗಿಗೆ ಹೇಳಿದೆ: “ಅದರಾಗ ನಾನೂ ಒಬ್ಬ ಅದೀನಿ. ಅಷ್ಟು ಈಗ ಬರಕೋ.”