ನೇತ್ರಾಣಿಯ ನೀರಿಗಿಳಿಯುವ ಮೊದಲು

ಕಾಸರಗೋಡಿನ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲು ನೆರೆಮನೆಯಿದ್ದಂತೆ. ಅದರ ಮೊರೆತವನ್ನು ಕೇಳುತ್ತ ಮಲಗುತ್ತೇವೆ, ಅದು ಕೊಟ್ಟ ಮೀನನ್ನು ಉಣ್ಣುತ್ತೇವೆ, ಮಳೆಗಾಲದಲ್ಲಿ ಅದರ ಮುನಿಸಿಗೆ ಅಂಜುತ್ತೇವೆ. ಆದರೆ ಆ ನೆರೆಮನೆಯ ಒಳಗೆ ಕಾಲಿಟ್ಟು ಬಂದವರು ನಮ್ಮಲ್ಲಿ ಎಷ್ಟು ಮಂದಿ? ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಸ್ಕೂಬಾ ಡೈವಿಂಗ್ ಈಗ ದೂರದೇಶದ ಮಾತಾಗಿ ಉಳಿದಿಲ್ಲ. ರಜೆ ಬಂತೆಂದರೆ ನಮ್ಮ ಮನೆಗಳ ಮಕ್ಕಳೂ ಅದಕ್ಕೆ ಹೊರಟು ನಿಲ್ಲುತ್ತಾರೆ. ಅವರನ್ನು ಕಳುಹಿಸುವ ಹಿರಿಯರು ಏನನ್ನು ತಿಳಿದಿರಬೇಕೆಂಬುದನ್ನು ನಾವು ಕಂಡಂತೆ ಇಲ್ಲಿ ನಿವೇದಿಸುತ್ತೇವೆ.

ಮಂಗಳೂರಿಗೆ ಬಂದು, ಅಲ್ಲಿಂದ ಕೊಂಕಣ ರೈಲು ಮಾರ್ಗದಲ್ಲಿ ಉಡುಪಿ, ಕುಂದಾಪುರ, ಭಟ್ಕಳಗಳನ್ನು ದಾಟಿದರೆ ಮುರ್ಡೇಶ್ವರ ಸಿಗುತ್ತದೆ. ಕಡಲಿಗೆ ಚಾಚಿದ ಕಂದುಕಗಿರಿಯ ಮೇಲೆ 123 ಅಡಿ ಎತ್ತರದ ಶಿವನ ಮೂರ್ತಿ. ಅದರ ಮುಂದೆ ಇಪ್ಪತ್ತು ಅಂತಸ್ತಿನ ರಾಜಗೋಪುರ. ಯಾತ್ರಿಕರ ಕಣ್ಣು ಇವೆರಡರಲ್ಲಿಯೇ ನೆಟ್ಟಿರುವುದರಿಂದ ಪಶ್ಚಿಮದ ದಿಗಂತದಲ್ಲಿ ಮಸುಕಾಗಿ ಕಾಣುವ ಗುಡ್ಡವನ್ನು ಗಮನಿಸುವವರು ಕಡಿಮೆ. ಅದೇ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್ ದೂರ. ಮೀನುಗಾರರು ಹರಕೆಯಾಗಿ ಬಿಟ್ಟ ಆಡುಗಳ ಸಂತತಿ ಅಲ್ಲಿ ಕಾಡುಬೀಡಾಗಿ ಬದುಕುತ್ತಿದೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ದ್ವೀಪದ ಬುಡದ ಬಂಡೆಗಳಲ್ಲಿ ಹವಳವಿದೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಡೈವಿಂಗಿನ ದೋಣಿಗಳು ಅತ್ತ ಹೊರಡುತ್ತವೆ.

ಅಲ್ಲಿ ನೀರಿಗಿಳಿಯಲು ಎರಡು ದಾರಿಗಳಿವೆ. ಮೊದಲನೆಯದು ಒಂದೇ ದಿನದ ಪರಿಚಯ. ಇದಕ್ಕೆ ಈಜು ಬಾರದವರನ್ನೂ ಸೇರಿಸಿಕೊಳ್ಳುತ್ತಾರೆ. ಶಿಕ್ಷಕನೊಬ್ಬ ಕೈಬಿಡದೆ ಕರೆದೊಯ್ದು ಕರೆತರುತ್ತಾನೆ. ಇಳಿಯುವ ಆಳ 12 ಮೀಟರನ್ನು ಮೀರುವಂತಿಲ್ಲ. ಎರಡನೆಯದು ಕೆಲವು ದಿನಗಳ ಕ್ರಮಬದ್ಧ ತರಬೇತಿ. ಅದನ್ನು ಮುಗಿಸಿದವರು ಜೊತೆಗಾರನೊಡನೆ 18 ಮೀಟರ್ ಆಳದವರೆಗೆ ಶಿಕ್ಷಕನಿಲ್ಲದೆಯೇ ಇಳಿಯಬಹುದು. 1966ರಲ್ಲಿ ಸ್ಥಾಪಿತವಾದ ಪಾಡಿ ಎಂಬ ಸಂಸ್ಥೆಯ ಪ್ರಮಾಣಪತ್ರ ಇದಕ್ಕೆ ಲೋಕದಲ್ಲೆಲ್ಲ ಸಲ್ಲುತ್ತದೆ. ಹತ್ತು ವರ್ಷ ತುಂಬಿದ ಮಕ್ಕಳೂ ಇದಕ್ಕೆ ಸೇರಬಹುದು. ಆದರೆ ಈ ದಾರಿಯಲ್ಲಿ ಈಜಿನ ಪರೀಕ್ಷೆಯೊಂದಿದೆ.

ಪರೀಕ್ಷೆಯ ನಿಯಮ ಸರಳ. ಯಾವ ಸಾಧನದ ನೆರವೂ ಇಲ್ಲದೆ 200 ಮೀಟರ್ ದೂರವನ್ನು ನಿಲ್ಲದೆ ಈಜಬೇಕು; ಇಲ್ಲವೇ ಮುಖಗವಸು, ಸ್ನಾರ್ಕೆಲ್ ಮತ್ತು ಕಾಲಿನ ಫಿನ್‌ಗಳನ್ನು ತೊಟ್ಟು 300 ಮೀಟರ್ ಈಜಬೇಕು. ಬಳಿಕ ಹತ್ತು ನಿಮಿಷ ಏನನ್ನೂ ಹಿಡಿಯದೆ ನೀರಿನ ಮೇಲೆ ತೇಲಿಕೊಂಡಿರಬೇಕು. ಇಂತಿಷ್ಟೇ ಹೊತ್ತಿನಲ್ಲಿ ಮುಗಿಸಬೇಕೆಂದಾಗಲಿ, ಇಂಥದೇ ಶೈಲಿಯಲ್ಲಿ ಈಜಬೇಕೆಂದಾಗಲಿ ಕಟ್ಟಳೆಯಿಲ್ಲ.

ನಾವು ನಾಲ್ವರು ಸೇರಿದ್ದ ತರಬೇತಿಯಲ್ಲಿ ಈ ಪರೀಕ್ಷೆ ನಡೆದದ್ದು 25 ಮೀಟರ್ ಉದ್ದದ ಈಜುಕೊಳದಲ್ಲಿ. ಎಂಟು ಬಾರಿ ಆಚೀಚೆ ಹೋದರೆ ಲೆಕ್ಕ ಸರಿ. ನಮ್ಮಲ್ಲಿ ಕಿರಿಯನಾದ ತರುಣ ವ್ಯಾಯಾಮಶಾಲೆಯಲ್ಲಿ ಪಳಗಿದ ಮೈಯವನು. ಬಾಣದಂತೆ ಹೊರಟು, ಐದನೆಯ ಸುತ್ತಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತ ಕೊಳದ ಅಂಚನ್ನು ಹಿಡಿದುಬಿಟ್ಟ. ಹಿರಿಯರಾದ ಅಕ್ಕನೊಬ್ಬರಿಗೆ ಐವತ್ತು ದಾಟಿತ್ತು. ಬಾಲ್ಯದಲ್ಲಿ ಸೊಂಟಕ್ಕೆ ಒಣ ತೆಂಗಿನಕಾಯಿಗಳ ಜೋಡಿ ಕಟ್ಟಿಕೊಂಡು ಮನೆಯ ಕೆರೆಯಲ್ಲಿ ಕಲಿತ ಈಜು ಅವರದು. ಅವಸರವಿಲ್ಲದೆ ಎಂಟು ಸುತ್ತು ಮುಗಿಸಿ, ಹತ್ತು ನಿಮಿಷ ಅಂಗಾತ ತೇಲಿ, ಮಾತನಾಡುತ್ತಲೇ ಮೇಲೆ ಬಂದರು. ಮರುದಿನ ತರುಣನೂ ಅವರ ಲಯವನ್ನೇ ಅನುಸರಿಸಿ ತೇರ್ಗಡೆಯಾದ. “ಅಕ್ಕಾ, ನೀವು ಉಸಿರಾಡುವುದನ್ನು ನೋಡಿ ಕಲಿತೆ,” ಎಂದ.

ನೀರೊಳಗೆ ತೋಳು ಬೀಸಿ ಈಜುವುದಿಲ್ಲ. ಫಿನ್ ಮುಂದಕ್ಕೆ ಒಯ್ಯುತ್ತದೆ, ಗಾಳಿ ತುಂಬುವ ಜಾಕೆಟ್ ತೇಲಿಸುತ್ತದೆ. ಹೀಗಿರುವಾಗ ಈ ಪರೀಕ್ಷೆ ಏತಕ್ಕೆ ಎಂದು ಹಲವರು ಕೇಳುತ್ತಾರೆ. ನಾವೂ ಶಿಕ್ಷಕರನ್ನು ಕೇಳಿದೆವು. ಅವರು ಕೊಟ್ಟ ಉತ್ತರ ಮನಸ್ಸಿನಲ್ಲಿ ನಿಂತಿತು: ಈ ಪರೀಕ್ಷೆ ಕಡಲ ತಳಕ್ಕಾಗಿ ಅಲ್ಲ, ಕಡಲ ಮೇಲ್ಮೈಗಾಗಿ. ಮೇಲಕ್ಕೆ ಬಂದಾಗ ಸೆಳೆತ ನಮ್ಮನ್ನು ದೋಣಿಯಿಂದ ದೂರ ಒಯ್ದಿರಬಹುದು, ಅಲೆಯೆದ್ದಿರಬಹುದು, ಫಿನ್ ಒಂದು ಕಳಚಿರಬಹುದು, ಜೊತೆಗಾರ ಬಳಲಿರಬಹುದು. ಆ ಗಳಿಗೆಯಲ್ಲಿ ಕೈಹಿಡಿಯುವುದು ಸಲಕರಣೆಯಲ್ಲ, ನೀರು ನನ್ನನ್ನು ಹೊತ್ತುಕೊಳ್ಳುತ್ತದೆ ಎಂಬ ನೆಚ್ಚಿಕೆ.

ತಳದಲ್ಲಿಯೂ ಆ ನೆಚ್ಚಿಕೆಗೆ ಬೆಲೆಯುಂಟು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿ, ಇಪ್ಪತ್ತು ಮೀಟರ್ ಇಳಿದರೆ ಮುಮ್ಮಡಿ. ಅಷ್ಟೇ ಪ್ರಮಾಣದಲ್ಲಿ ಒಂದೊಂದು ಉಸಿರಿಗೂ ಸಿಲಿಂಡರಿನ ಗಾಳಿ ಹೆಚ್ಚು ವೆಚ್ಚವಾಗುತ್ತದೆ. ಗಾಬರಿಗೊಂಡವನು ಮೇಲಿಂದ ಮೇಲೆ ಉಸಿರೆಳೆದು ಗಾಳಿಯನ್ನು ಬೇಗನೆ ಬರಿದು ಮಾಡುತ್ತಾನೆ. ಅದಕ್ಕಿಂತ ಕೆಟ್ಟದ್ದು ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುವುದು. ಒತ್ತಡ ಇಳಿದಂತೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ನೀರಿನ ಒಡನಾಟವಿದ್ದವನಿಗೆ ಇಂಥ ಗಾಬರಿ ಸುಲಭವಾಗಿ ಬರುವುದಿಲ್ಲ.

ಈಜಿನಷ್ಟೇ ಮುಖ್ಯವಾದುದು ಆರೋಗ್ಯದ ವಿಚಾರಣೆ. ತರಬೇತಿಗೆ ಮೊದಲು ಒಂದು ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳುತ್ತಾರೆ: ಹೃದ್ರೋಗ, ಉಬ್ಬಸ, ಕಿವಿಯ ತೊಂದರೆ, ಮೂರ್ಛೆ, ಮಧುಮೇಹ ಇತ್ಯಾದಿ. ನೀರಿಗಿಳಿದೊಡನೆ ಕೈಕಾಲುಗಳ ರಕ್ತ ಎದೆಯತ್ತ ಸರಿಯುವುದರಿಂದ ಹೃದಯದ ಹೊರೆ ಹೆಚ್ಚುತ್ತದೆ. ಮನರಂಜನೆಗಾಗಿ ಇಳಿದವರ ಮರಣಗಳಲ್ಲಿ ಹೃದಯದ ಕಾರಣಕ್ಕೆ ದೊಡ್ಡ ಪಾಲಿರುವುದು ಇದರಿಂದಲೇ ಅರ್ಥವಾಗುತ್ತದೆ. ನಮ್ಮ ಅಕ್ಕ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು. ಅದನ್ನು ಮರೆಮಾಚದೆ ಬರೆದು, ವೈದ್ಯರ ಒಪ್ಪಿಗೆ ಪತ್ರ ತಂದ ಬಳಿಕವೇ ಕೊಳಕ್ಕಿಳಿದರು. ಅದರಿಂದ ಎರಡು ದಿನ ತಡವಾಯಿತು, ಯಾರೂ ಬೇಸರಿಸಲಿಲ್ಲ.

ಮುಂದೆ ಇದನ್ನೇ ವೃತ್ತಿಯಾಗಿ ಹಿಡಿಯಬಯಸುವ ತರುಣರೂ ನಮ್ಮಲ್ಲಿರಬಹುದು. ಇತರ ಡೈವರ್‌ಗಳಿಗೆ ದಾರಿ ತೋರುವ ಡೈವ್‌ಮಾಸ್ಟರ್ ಆಗಬೇಕಾದರೆ 400 ಮೀಟರ್ ಈಜು, ಮುಖಗವಸು, ಸ್ನಾರ್ಕೆಲ್, ಫಿನ್‌ಗಳೊಡನೆ 800 ಮೀಟರ್, ಬಳಲಿದವನನ್ನು ಎಳೆದುಕೊಂಡು 100 ಮೀಟರ್, ಹದಿನೈದು ನಿಮಿಷದ ತೇಲುವಿಕೆ ಇವೆಲ್ಲ ಇವೆ. ಇಲ್ಲಿ ಗಡಿಯಾರವನ್ನೂ ನೋಡುತ್ತಾರೆ. ಇನ್ನೊಬ್ಬರ ಜೀವದ ಹೊಣೆ ಹೊರುವವನ ಅಳತೆ ಬೇರೆಯೇ ಆಗಬೇಕಲ್ಲವೇ?

ಕೊನೆಗೆ ನಾವು ನೇತ್ರಾಣಿಯ ಬಂಡೆಗಳ ಬಳಿ ಇಳಿದೆವು. ಗಿಳಿಮೀನುಗಳ ಹಿಂಡು ಹವಳವನ್ನು ಕಡಿಯುವ ಸದ್ದು ಕಿವಿಗೆ ಬಿತ್ತು. ಬಂಡೆಯ ಬಿರುಕಿನಿಂದ ಮುರು ಮೀನೊಂದು ನಮ್ಮನ್ನು ನಿಟ್ಟಿಸಿತು. ಮೇಲೆ ಬಂದಾಗ ಸೆಳೆತ ಜೋರಾಗಿತ್ತು. ದೋಣಿ ನಾವೆಣಿಸಿದ್ದಕ್ಕಿಂತ ದೂರದಲ್ಲಿತ್ತು. ಜಾಕೆಟ್ಟಿಗೆ ಗಾಳಿ ತುಂಬಿ, ನಾಲ್ವರೂ ಅಂಗಾತರಾಗಿ, ನಿಧಾನವಾಗಿ ಕಾಲು ಬಡಿಯುತ್ತ ಸಾಗಿದೆವು. ಕೊಳದಲ್ಲಿ ಹಾಕಿದ ಎಂಟು ಸುತ್ತುಗಳ ಬೆಲೆ ಆಗ ತಿಳಿಯಿತು.

ನಮ್ಮ ಊರುಗಳಲ್ಲಿ ಕೆರೆಗಳಿವೆ, ಹೊಳೆಗಳಿವೆ. ಈಜು ಬಲ್ಲ ಮಕ್ಕಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಡೈವಿಂಗಿನ ಹಣ ಕಟ್ಟುವ ಮೊದಲು ಅವರಿಗೆ ಒಂದು ಬೇಸಿಗೆಯ ಈಜನ್ನು ಕೊಡಿಸೋಣ. ಬಲ್ಲವರ ಕಣ್ಣೆದುರು, ವಾರಕ್ಕೆ ಮೂರು ದಿನ, ಮೊದಲು 50 ಮೀಟರ್, ಮತ್ತೆ 100, ಆಮೇಲೆ 200. ವೇಗ ಬೇಡ, ಉಸಿರಿನ ಲಯ ಸಾಕು. ಎಲ್ಲಿಗೆ ಹೋದರೂ ಆರೋಗ್ಯದ ಪ್ರಶ್ನಾವಳಿ ಎಲ್ಲಿ, ದೋಣಿಯಲ್ಲಿ ಆಮ್ಲಜನಕವಿದೆಯೇ ಎಂದು ಕೇಳುವ ರೂಢಿಯನ್ನೂ ಕಲಿಸೋಣ. ಹಾಗೆ ಕಲಿತ ಮಗು ಮುಂದೆಂದೂ ಸ್ಕೂಬಾಕ್ಕೆ ಹೋಗದಿದ್ದರೂ ನಷ್ಟವಿಲ್ಲ. ಮನೆಯ ಮುಂದಿನ ಹೊಳೆಯಲ್ಲಿ ಆ ಈಜು ಅದನ್ನು ಕಾಯುತ್ತದೆ.